ಹಳೆಯ ಸಿಟಿಯೋ, ಸಿಯಾಜೋ? ಹುಬ್ಬಳ್ಳಿ-ಧಾರವಾಡದಲ್ಲಿ ಸೆಕೆಂಡ್ ಹ್ಯಾಂಡ್ ಸೆಡಾನ್ ಕೊಳ್ಳುವವರಿಗೆ

ಆರು ಲಕ್ಷದ ಆಸುಪಾಸು ಕೈಯಲ್ಲಿಟ್ಟುಕೊಂಡು ದೊಡ್ಡ ಡಿಕ್ಕಿಯ ಪೆಟ್ರೋಲ್ ಕಾರು ಹುಡುಕುವವರ ಪಟ್ಟಿ ಸೋಸಿದಾಗ ಸಾಮಾನ್ಯವಾಗಿ ಎರಡು ಹೆಸರು ಉಳಿಯುತ್ತವೆ: ಹೋಂಡಾ ಸಿಟಿ, ಮಾರುತಿ ಸಿಯಾಜ್. ಆಮೇಲೆ ಮನೆಯಲ್ಲಿ ವಾದ ಶುರು. ಅಣ್ಣನಿಗೆ ಸಿಟಿಯ ಎಂಜಿನ್ ಬೇಕು, ಅಪ್ಪನಿಗೆ ಮಾರುತಿಯ ಬಿಡಿಭಾಗದ ಧೈರ್ಯ ಬೇಕು.

ಈ ವಾದವನ್ನು ಬೇಗ ಮುಗಿಸಬಹುದು. ಎರಡರ ಪೆಟ್ರೋಲ್ ಎಂಜಿನ್ನಿಗೂ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ. ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಾಗಿದ್ದರೆ ಎರಡೂ ಎರಡು ಲಕ್ಷ ಕಿಲೋಮೀಟರ್ ತಲುಪುವಂಥವು. ಎಂಟು ವರ್ಷ ಓಡಿದ ಗಾಡಿಯಲ್ಲಿ ಕಂಪನಿಯ ಹೆಸರಿಗಿಂತ ಹಿಂದಿನ ಮಾಲೀಕನ ಕೈ ಹೆಚ್ಚು ಮಾತಾಡುತ್ತದೆ. ಆದ್ದರಿಂದ ಒಂದು ನೋಟ್‌ಬುಕ್ ತೆಗೆದು ಗಾಡಿಗೊಂದರಂತೆ ಎರಡು ಕಾಲಂ ಹಾಕಿ. ಕಣ್ಣಿಗೆ ಬಿದ್ದ ಪ್ರತಿ ದೋಷವನ್ನೂ ರೂಪಾಯಿಯಲ್ಲೇ ಬರೆಯಿರಿ. ಕೇಳಿದ ಬೆಲೆಗೆ ಬಾಕಿ ಕೆಲಸದ ಖರ್ಚು ಕೂಡಿಸಿದರೆ ಬರುವುದೇ ಗಾಡಿಯ ನಿಜವಾದ ಬೆಲೆ. ಕೆಳಗಿನ ಹೆಜ್ಜೆಗಳೆಲ್ಲ ಆ ಎರಡು ಕಾಲಂ ತುಂಬುವುದಕ್ಕೆ.

ಹೆಜ್ಜೆ 1: ಯಾವ ಸಿಟಿ, ಯಾವ ಸಿಯಾಜ್ ಎಂದು ಗುರುತಿಸಿ

ಜಾಹೀರಾತಿನಲ್ಲಿ "2018 ಸಿಯಾಜ್" ಎಂದಷ್ಟೇ ಇದ್ದರೆ ಅದು ಎರಡು ಬೇರೆ ಗಾಡಿಗಳಲ್ಲಿ ಯಾವುದೂ ಆಗಿರಬಹುದು. ಸಿಯಾಜ್ 2014ರ ಅಕ್ಟೋಬರ್‌ನಲ್ಲಿ ಬಂದಾಗ ಅದರ ಪೆಟ್ರೋಲ್ ಎಂಜಿನ್ 1.4 ಲೀಟರಿನದು, 92 ಪಿಎಸ್ (ಅಶ್ವಶಕ್ತಿ). 2018ರ ಆಗಸ್ಟ್‌ನಲ್ಲಿ ಅದರ ಜಾಗಕ್ಕೆ 1.5 ಲೀಟರಿನ ಕೆ15 ಎಂಜಿನ್ ಬಂತು: 105 ಪಿಎಸ್, 138 ನ್ಯೂಟನ್ ಮೀಟರ್ ಎಳೆತ, ಜೊತೆಗೆ ಸ್ಮಾರ್ಟ್ ಹೈಬ್ರಿಡ್ ವ್ಯವಸ್ಥೆ. ಆರ್‌ಸಿಯಲ್ಲಿ ಸಿಸಿ ಓದಿದರೆ ಗೊಂದಲವೇ ಇಲ್ಲ. 1373 ಇದ್ದರೆ ಹಳೆಯದು, 1462 ಇದ್ದರೆ ಹೊಸದು. ಐದು ಜನ ಕೂತು ಎಸಿ ಹಾಕಿಕೊಂಡು ಹೊರಟಾಗ 1.4 ಮುಗ್ಗರಿಸುತ್ತದೆ. ಬೆಲೆಯಲ್ಲಿ ಒಳ್ಳೆಯ ಇಳಿಕೆ ಸಿಕ್ಕರೆ ಮಾತ್ರ ಅದರ ಕಡೆ ನೋಡಿ.

ಸಿಟಿಯಲ್ಲೂ ಇಂಥದೇ ಒಂದು ಸಿಕ್ಕು ಇದೆ. ನಾಲ್ಕನೇ ತಲೆಮಾರು 2014ರ ಜನವರಿಯಲ್ಲಿ ಬಂದು, 2017ರ ಫೆಬ್ರವರಿಯಲ್ಲಿ ಮುಖ ಬದಲಿಸಿಕೊಂಡಿತು. ಐದನೇ ತಲೆಮಾರು 2020ರ ಜುಲೈನಲ್ಲಿ ಬಂತು. ಆದರೆ ಕಂಪನಿ ಹಳೆಯದನ್ನು ಕೂಡಲೇ ನಿಲ್ಲಿಸಲಿಲ್ಲ, ಕೆಳಗಿನ ದರ್ಜೆಗಳಲ್ಲಿ ಅದರ ಮಾರಾಟವೂ ಜೊತೆಜೊತೆಗೆ ನಡೆಯಿತು. ಹೀಗಾಗಿ "2021 ಸಿಟಿ" ಎಂದು ಫೋನಿನಲ್ಲಿ ಕೇಳಿ ಓಡಬೇಡಿ. ಗೇರ್ ಗುಂಡಿಯ ಫೋಟೋ ತರಿಸಿಕೊಳ್ಳಿ. ಪೆಟ್ರೋಲ್ ಮ್ಯಾನುಯಲ್‌ನಲ್ಲಿ ಐದು ಗೇರ್ ಇದ್ದರೆ ನಾಲ್ಕನೆಯದು, ಆರು ಇದ್ದರೆ ಐದನೆಯದು. ಎರಡರ ಬೆಲೆಯಲ್ಲಿ ಲಕ್ಷಗಟ್ಟಲೆ ಅಂತರ ಇರುತ್ತದೆ.

ಡೀಸೆಲ್ ಬಗ್ಗೆ ಎರಡೇ ಮಾತು. ಸಿಯಾಜ್‌ನ 1.3 ಡೀಸೆಲ್ ಫಿಯೆಟ್ ಮೂಲದ ಮಲ್ಟಿಜೆಟ್. ಸ್ವಿಫ್ಟ್, ಡಿಸೈರ್ ಬಿಚ್ಚಿದ ಯಾವ ಮಿಸ್ತ್ರಿಗೂ ಅದು ಪರಿಚಿತ. ಸಿಟಿಯ 1.5 ಡೀಸೆಲ್ ಮೈಲೇಜಿಗೆ ಹೆಸರಾದದ್ದು, ಸದ್ದೂ ಅಷ್ಟೇ ಜೋರು. ಅದು ಈಗ ಹೊಸ ಗಾಡಿಯಲ್ಲಿ ಬರುವುದಿಲ್ಲ. ತಿಂಗಳಿಗೆ ಎರಡು ಸಾವಿರ ಕಿ.ಮೀ. ಓಡಿಸದವರು ಎಂಟು-ಹತ್ತು ವರ್ಷದ ಡೀಸೆಲ್ ಇಂಜೆಕ್ಟರ್, ಟರ್ಬೊ, ಕ್ಲಚ್‌ಗಳ ಉಸಾಬರಿ ಹಚ್ಚಿಕೊಳ್ಳುವುದು ಬೇಡ. ಮುಂದಿನ ಮಾತೆಲ್ಲ ಪೆಟ್ರೋಲಿನದು.

ಹೆಜ್ಜೆ 2: ಗಾಡಿ ನೋಡುವ ಮೊದಲು ಕಾಗದ

ನಮ್ಮ ಕಡೆ ಸಿಗುವ ಸೆಡಾನುಗಳಲ್ಲಿ ಎಲ್ಲವೂ ಕೆಎ 25, ಕೆಎ 63 ಪಾಸಿಂಗ್ ಅಲ್ಲ. ಗೋವಾ ಮತ್ತು ಮಹಾರಾಷ್ಟ್ರದ ಗಾಡಿಗಳೂ ಬರುತ್ತವೆ, ಬೆಲೆ ಕಡಿಮೆ ಎನ್ನುವುದೇ ಅವುಗಳ ಆಕರ್ಷಣೆ. ಹೊರ ರಾಜ್ಯದ ಗಾಡಿಗೆ ಅಲ್ಲಿನ ಆರ್‌ಟಿಒದ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ (ಫಾರ್ಮ್ 28) ಬೇಕು, ಇಲ್ಲಿ ಹೊಸ ನೋಂದಣಿ ಆಗಬೇಕು, ಗಾಡಿಯ ವಯಸ್ಸಿನ ಪ್ರಕಾರ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ಅಲ್ಲಿ ಕಟ್ಟಿದ ತೆರಿಗೆಯ ವಾಪಸಾತಿ ಬೇರೆಯದೇ ಓಡಾಟ. ಈ ಮೊತ್ತವನ್ನು ಆರ್‌ಟಿಒದಲ್ಲಿ ಕೇಳಿ ಕಾಲಂನಲ್ಲಿ ಬರೆಯದೆ "ಐವತ್ತು ಸಾವಿರ ಉಳಿತು" ಎಂದು ಖುಷಿಪಡಬೇಡಿ.

ಮಾರುವವರಿಂದ ನಂಬರ್ ಪಡೆದು ಸರ್ಕಾರದ ಆ್ಯಪ್ ಎಂಪರಿವಾಹನ್‌ನಲ್ಲಿ ನೋಡಿ: ಎಷ್ಟನೇ ಮಾಲೀಕ, ತಯಾರಾದ ತಿಂಗಳು, ವಿಮೆಯ ಗಡುವು, ಬ್ಯಾಂಕಿನ ಹೆಸರು. ಸಾಲ ತೀರಿದ್ದರೂ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸದೇ ಬಿಟ್ಟವರು ಬಹಳ. ಹಾಗಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಸಹಿ ಮಾಡಿದ ಫಾರ್ಮ್ 35 ಕೈಗೆ ಬರುವ ತನಕ ದೊಡ್ಡ ಹಣ ಕೊಡಬೇಡಿ. ಬಾಕಿ ಇರುವ ಇ-ಚಲನ್ ದಂಡವನ್ನೂ ನೋಡಿ. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಯಾದರೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿದ್ದಾರೆಯೇ ಎಂದೂ ನೋಡಿ.

ಇನ್ನು ರೀಕಾಲ್. ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಇದು, ಖರ್ಚು ಮಾತ್ರ ಸೊನ್ನೆ. 2018ರ ಮೇ 4ರಿಂದ 2020ರ ಅಕ್ಟೋಬರ್ 27ರ ನಡುವೆ ತಯಾರಾದ 1,81,754 ಪೆಟ್ರೋಲ್ ಗಾಡಿಗಳನ್ನು ಮಾರುತಿ 2021ರ ಸೆಪ್ಟೆಂಬರ್‌ನಲ್ಲಿ ವಾಪಸ್ ಕರೆಯಿತು. ಸಿಯಾಜ್ ಕೂಡ ಆ ಪಟ್ಟಿಯಲ್ಲಿದೆ. ದೋಷ ಇದ್ದದ್ದು ಮೋಟಾರ್ ಜನರೇಟರ್ ಯೂನಿಟ್‌ನಲ್ಲಿ, ಅಂದರೆ ಎಂಜಿನ್ನನ್ನು ಎಬ್ಬಿಸಿ ಬ್ಯಾಟರಿಯನ್ನೂ ಚಾರ್ಜ್ ಮಾಡುವ ಹೈಬ್ರಿಡ್ ಭಾಗದಲ್ಲಿ. ಅದನ್ನು ಸರಿಪಡಿಸುವವರೆಗೆ ನೀರು ನಿಂತ ಕಡೆ ಗಾಡಿ ಇಳಿಸಬೇಡಿ, ವಿದ್ಯುತ್ ಭಾಗಗಳ ಮೇಲೆ ನೇರವಾಗಿ ನೀರು ಹೊಡೆಯಬೇಡಿ ಎಂದು ಕಂಪನಿಯೇ ಹೇಳಿತ್ತು. ನವಲಗುಂದದ ಕಡೆ ಬೆಣ್ಣಿಹಳ್ಳ ಉಕ್ಕಿದಾಗ ರಸ್ತೆ ಏನಾಗುತ್ತದೆ ಎಂದು ಬಲ್ಲವರಿಗೆ ಇದರ ಮಹತ್ವ ಬಿಡಿಸಿ ಹೇಳಬೇಕಿಲ್ಲ. ಸಿಟಿಯ ಕಡೆ ಇಂಧನ ಪಂಪ್: 2017ರಿಂದ 2019ರ ನಡುವೆ ತಯಾರಾದ ಹಲವು ಗಾಡಿಗಳಿಗೆ 2020ರಿಂದ 2024ರ ತನಕ ಬೇರೆ ಬೇರೆ ಕಂತಿನಲ್ಲಿ ರೀಕಾಲ್ ಬಂದಿದೆ. ಪಂಪಿನ ಒಳಗಿನ ಇಂಪೆಲ್ಲರ್ ಕೆಟ್ಟರೆ ಎಂಜಿನ್ ಓಡುತ್ತಲೇ ನಿಂತುಬಿಡಬಹುದು. ಚಾಸಿಸ್ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ, ಇಲ್ಲವೇ ಅಧಿಕೃತ ಸರ್ವಿಸ್ ಕೌಂಟರಿನಲ್ಲಿ ಕೇಳಿ. ಕೆಲಸ ಬಾಕಿ ಇದ್ದರೆ ಉಚಿತವಾಗಿ ಮಾಡಿಕೊಡುತ್ತಾರೆ.

ಅದೇ ಕೌಂಟರಿನಲ್ಲಿ ಸರ್ವಿಸ್ ಇತಿಹಾಸವನ್ನೂ ಕೇಳಿ. ಮಾಲೀಕರೇ ಜೊತೆಗಿದ್ದರೆ ಸಾಮಾನ್ಯವಾಗಿ ತೋರಿಸುತ್ತಾರೆ. ಎರಡು ಗಾಡಿಗೂ 10,000 ಕಿ.ಮೀ. ಅಥವಾ ಒಂದು ವರ್ಷಕ್ಕೊಂದು ಸರ್ವಿಸ್. ಎಂಟು ವರ್ಷದ ಗಾಡಿಗೆ ನಾಲ್ಕೇ ಸರ್ವಿಸ್ ಇದ್ದರೆ ಉಳಿದವು ಹೊರಗೆ ಆಗಿವೆಯೋ, ಆಗಿಯೇ ಇಲ್ಲವೋ ಎಂದು ಬಿಲ್ ಕೇಳಿ. ಮೀಟರ್ ತಿರುಗಿಸಿದ್ದರೆ ಸಿಕ್ಕಿಬೀಳುವುದೂ ಇಲ್ಲಿಯೇ.

ಹೆಜ್ಜೆ 3: ತಣ್ಣಗಿನ ಎಂಜಿನ್ ಕೇಳಿ

ಮುಂಜಾನೆ ಹೋಗಿ. "ನಾವು ಬರೋತನ ಚಾಲೂ ಮಾಡಬ್ಯಾಡ್ರಿ" ಎಂದು ಹಿಂದಿನ ದಿನವೇ ಹೇಳಿಡಿ. ಬಾನೆಟ್ ಮುಟ್ಟಿದಾಗ ಬೆಚ್ಚಗಿದ್ದರೆ ಚಹಾ ಕುಡಿದು ವಾಪಸ್ ಬನ್ನಿ, ಇನ್ನೊಂದು ದಿನ ನೋಡಿದರಾಯಿತು.

ನಾಲ್ಕನೇ ತಲೆಮಾರಿನ ಸಿಟಿಯಲ್ಲಿ ಕೇಳಬೇಕಾದದ್ದು ಟ್ಯಾಪೆಟ್, ಅಂದರೆ ವಾಲ್ವ್ ಒತ್ತುವ ಭಾಗದ ಸದ್ದು. ಇದರ ವಾಲ್ವ್ ಸಂದು ತಾನಾಗಿ ಸರಿಹೋಗುವುದಿಲ್ಲ. ರಾಕರ್ ತುದಿಯ ಸ್ಕ್ರೂ ತಿರುಗಿಸಿ, ಫೀಲರ್ ಗೇಜ್ ಇಟ್ಟು, ಎಂಜಿನ್ ಪೂರ್ತಿ ತಣ್ಣಗಿದ್ದಾಗ ಹೊಂದಿಸಬೇಕು. 40,000 ಕಿ.ಮೀ.ಗೊಮ್ಮೆ ನೋಡಿಸುವುದು ಒಳ್ಳೆಯ ರೂಢಿ. ಸಂದು ಹೆಚ್ಚಾದರೆ ಹೊಲಿಗೆ ಯಂತ್ರದ ಹಾಗೆ ಟಿಕ್ ಟಿಕ್ ಎನ್ನುತ್ತದೆ. ಅದು ಸಣ್ಣ ಕೆಲಸ, ಹೆದರಬೇಕಿಲ್ಲ. ಭಯಪಡಬೇಕಾದದ್ದು ಸದ್ದೇ ಇಲ್ಲದ ಬಿಗಿ ಟ್ಯಾಪೆಟ್‌ಗೆ. ಎಕ್ಸಾಸ್ಟ್ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಅದರ ಅಂಚು ಸುಡುತ್ತ ಹೋಗುತ್ತದೆ, ಕೊನೆಗೆ ಹೆಡ್ ಇಳಿಸುವ ಕೆಲಸ. ಗ್ಯಾಸ್ ಕಿಟ್ ಹಾಕಿ ಓಡಿಸಿದ ಗಾಡಿಯಲ್ಲಿ ಇದು ಹೆಚ್ಚು. ಕಿಟ್ ಬಿಚ್ಚಿ ಮಾರುವವರೂ ಇದ್ದಾರೆ, ಆದ್ದರಿಂದ ಡಿಕ್ಕಿಯ ನೆಲದಲ್ಲಿ ಸಿಲಿಂಡರ್ ಕೂರಿಸಿದ್ದ ತೂತು ಮತ್ತು ಇನ್‌ಟೇಕ್ ಪೈಪಿನಲ್ಲಿ ಮುಚ್ಚಿದ ನಾಳ ಇವೆಯೇ ನೋಡಿ. ಐಡಲ್‌ನಲ್ಲಿ ಎಂಜಿನ್ ಸಣ್ಣಗೆ ಕುಲುಕುತ್ತ, ಓಡಿಸಿದಾಗ ಸರಿಯಾದಂತೆ ಕಂಡರೆ ಕಂಪ್ರೆಶನ್ ಟೆಸ್ಟ್ (ಸಿಲಿಂಡರಿನೊಳಗಿನ ಒತ್ತಡದ ಪರೀಕ್ಷೆ) ಮಾಡಿಸದೆ ಮುಂದೆ ಹೋಗಬೇಡಿ.

1.5 ಸಿಯಾಜ್‌ನಲ್ಲಿ ಟ್ಯಾಪೆಟ್‌ನ ಈ ನಿಯಮಿತ ಕೆಲಸ ಇಲ್ಲ. ಅಲ್ಲಿ ಹೈಬ್ರಿಡ್ ಭಾಗವನ್ನು ನೋಡಬೇಕು. ಎಂಜಿನ್ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನ್ಯೂಟ್ರಲ್ ಹಾಕಿ ಕ್ಲಚ್ ಬಿಟ್ಟಾಗ ಎಂಜಿನ್ ತಾನೇ ಆರಬೇಕು, ಕ್ಲಚ್ ಒತ್ತಿದರೆ ಸದ್ದಿಲ್ಲದೆ ಏಳಬೇಕು. ಬಾರಿಬಾರಿಗೂ ಆರದೇ ಉಳಿದರೆ ಮೊದಲ ಅನುಮಾನ ಬ್ಯಾಟರಿ ಮೇಲೆ. ಈ ಗಾಡಿಯಲ್ಲಿ ಎಂದಿನ ಬ್ಯಾಟರಿಯ ಜೊತೆ ಚಿಕ್ಕ ಲಿಥಿಯಂ ಬ್ಯಾಟರಿಯೂ ಇದೆ. ಎಂದಿನದು ಸತ್ತಾಗ ದುಡ್ಡು ಉಳಿಸಲು ಸಾದಾ ಬ್ಯಾಟರಿ ಹಾಕಿಸಿದವರು ಬಹಳ. ಸ್ಟಾರ್ಟ್-ಸ್ಟಾಪ್ ಗಾಡಿಗೆಂದೇ ಮಾಡಿದ ಬ್ಯಾಟರಿ ಅಲ್ಲದಿದ್ದರೆ ಅದು ಬೇಗ ಸೋಲುತ್ತದೆ. ಬೆಲ್ಟ್ ಕಡೆಯಿಂದ ಚಿಲಿಪಿಲಿ ಸದ್ದು ಬಂದರೆ ಬೆಲ್ಟ್ ಮತ್ತು ಟೆನ್ಶನರ್ ಎರಡನ್ನೂ ಕಾಲಂನಲ್ಲಿ ಬರೆಯಿರಿ. ಇಲ್ಲಿ ಆ ಬೆಲ್ಟ್ ಚಾರ್ಜ್ ಮಾಡುವುದಷ್ಟೇ ಅಲ್ಲ, ಎಂಜಿನ್ನನ್ನು ಎಬ್ಬಿಸುತ್ತದೆ ಕೂಡ.

ಆಯಿಲ್ ಮುಚ್ಚಳದ ಒಳಗೆ ಕಪ್ಪು ಜಿಗುಟು, ಕೂಲಂಟ್ ಬಾಟಲಿಯಲ್ಲಿ ತುಕ್ಕಿನ ಬಣ್ಣದ ನೀರು ಕಂಡರೆ ಅಂಥ ಗಾಡಿಯನ್ನು ಅಲ್ಲಿಗೇ ಬಿಡಿ. ಕೂಲಂಟ್ ಬದಲು ಬೋರ್‌ವೆಲ್ ನೀರು ಕುಡಿದ ಎಂಜಿನ್ನಿನ ಒಳಗೆ ಏನಾಗಿದೆ ಎಂದು ಹೊರಗಿನಿಂದ ಅಳೆಯಲಾಗದು.

ಹೆಜ್ಜೆ 4: ರ‍್ಯಾಂಪ್ ಮೇಲೆ ಹತ್ತಿಸಿ, ಕೆಳಗೆ ನೋಡಿ

ಗೋಕುಲ ರೋಡಿನಲ್ಲಿ ಲಿಫ್ಟ್ ಇರುವ ಗ್ಯಾರೇಜಿಗೆ ಬರವಿಲ್ಲ. ಕೊಡುವ ಕೆಲವು ನೂರು ರೂಪಾಯಿ ಇಡೀ ವ್ಯವಹಾರದಲ್ಲಿ ಅತ್ಯಂತ ಲಾಭದ ಖರ್ಚು. ಮಾರುವವರು ಒಪ್ಪದಿದ್ದರೆ ಅದೇ ಉತ್ತರ ಎಂದು ತಿಳಿಯಿರಿ.

ಸಿಟಿಯ ನೆಲದಂತರ 165 ಮಿ.ಮೀ., ಸಿಯಾಜ್‌ನದು 170. ಕಾಗದದ ಮೇಲೆ ಐದೇ ಮಿ.ಮೀ. ವ್ಯತ್ಯಾಸ. ಹಿಂದೆ ಮೂವರು ಕೂತು ಡಿಕ್ಕಿಯಲ್ಲಿ ಅಕ್ಕಿ ಚೀಲ ಬಿದ್ದ ಮೇಲೆ ಊರೊಳಗಿನ ಹಂಪ್ಸ್ ಎರಡನ್ನೂ ತಟ್ಟುತ್ತವೆ. ಎಂಜಿನ್ ಸಂಪ್, ಮುಂದಿನ ಸೈಲೆನ್ಸರ್ ಪೈಪ್, ಮುಂದಿನ ಕ್ರಾಸ್ ಮೆಂಬರ್ ನೋಡಿ. ಗೀಚಿದ ಗುರುತು ಇದ್ದೇ ಇರುತ್ತದೆ. ತಗ್ಗು ಬಿದ್ದಿದ್ದರೆ ಅಥವಾ ಎಣ್ಣೆ ಒಸರುತ್ತಿದ್ದರೆ ಮಾತ್ರ ಚಿಂತಿಸಿ.

ನಮ್ಮ ನೆಲದ ಎರಡು ಶತ್ರುಗಳನ್ನು ಹೊರಗಿನ ಮಾರ್ಗದರ್ಶಿಗಳು ಹೇಳುವುದಿಲ್ಲ. ಒಂದು ಎರಿ ಮಣ್ಣು. ಗದಗ, ನವಲಗುಂದ, ರೋಣದ ಕಡೆ ಮಳೆಗಾಲದಲ್ಲಿ ಓಡಿದ ಗಾಡಿಯ ಚಕ್ರದ ಗೂಡಿನೊಳಗೆ, ಫೆಂಡರ್ ಲೈನರ್‌ನ ಹಿಂದೆ ಅದು ಮೆತ್ತಿಕೊಂಡು ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ತಿಂಗಳುಗಟ್ಟಲೆ ತೇವ ಹಿಡಿದಿಟ್ಟು ಬಾಗಿಲಿನ ಕೆಳ ಅಂಚಿನ ನೀರು ಹೋಗುವ ತೂತುಗಳನ್ನೂ ಮುಚ್ಚುತ್ತದೆ. ಬಾಗಿಲು ತೆಗೆದು ಕೆಳ ಅಂಚಿನ ಮೇಲೆ ಬೆರಳಾಡಿಸಿ. ಬಣ್ಣ ಗುಳ್ಳೆ ಎದ್ದಿದ್ದರೆ ಒಳಗಿನಿಂದ ತುಕ್ಕು ಬಂದಿದೆ, ಪೇಂಟಿಂಗ್ ಅದನ್ನು ಆರು ತಿಂಗಳು ಮುಚ್ಚೀತು ಅಷ್ಟೇ. ಬ್ರೇಕ್ ಡಿಸ್ಕ್ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆಗಳಿದ್ದರೆ ಅದೂ ಈ ಕೆಸರಿನದೇ ಕೆಲಸ.

ಎರಡನೆಯದು ರಸ್ತೆ ಮೇಲಿನ ಒಕ್ಕಣೆ. ಸುಗ್ಗಿಯಲ್ಲಿ ಡಾಂಬರಿನ ಮೇಲೆ ಹರವಿದ ಬೆಳೆಯ ಮೇಲೆ ಓಡಿದ ತಗ್ಗು ಸೆಡಾನಿನ ಡ್ರೈವ್ ಶಾಫ್ಟಿಗೆ ಹೊಟ್ಟು, ದಂಟು ಸುತ್ತಿಕೊಳ್ಳುತ್ತದೆ. ಅದು ಶಾಫ್ಟಿನ ತುದಿಯ ರಬ್ಬರ್ ಬೂಟನ್ನು ಕತ್ತರಿಸಿದರೆ ಗ್ರೀಸ್ ಹೊರಗೆ ಚೆಲ್ಲಿ ದೂಳು ಒಳಗೆ ಹೋಗುತ್ತದೆ. ಬೂಟಿನದು ಸಣ್ಣ ಖರ್ಚು. ನಿರ್ಲಕ್ಷಿಸಿದರೆ ಇಡೀ ಜಾಯಿಂಟ್ ಹೋಗುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಸುತ್ತ ಸಿಕ್ಕಿದ ಒಣ ಹುಲ್ಲು ಇನ್ನೂ ಕೆಟ್ಟದ್ದು, ಬಿಸಿಗೆ ಹೊತ್ತಿಕೊಳ್ಳುತ್ತದೆ. ಟಾರ್ಚ್ ಹಾಕಿ ನೋಡಿ, ಕಡ್ಡಿ ಕಂಡರೆ ಕಿತ್ತು ಬಿಸಾಕಿ.

ಸಸ್ಪೆನ್ಶನ್‌ನಲ್ಲಿ ಎರಡರ ರೋಗವೂ ಒಂದೇ ಜಾತಿಯದು: ಸ್ಟೆಬಿಲೈಸರ್ ಲಿಂಕ್ ರಾಡ್, ಲೋವರ್ ಆರ್ಮ್ ಬುಶ್, ಸ್ಟ್ರಟ್ ಮೌಂಟ್. ಚಕ್ರ ಎತ್ತಿ ಮೇಲೆ-ಕೆಳಗೆ ಹಿಡಿದು ಅಲುಗಾಡಿಸಿದರೆ ಬಾಲ್ ಜಾಯಿಂಟ್ ಅಥವಾ ಬೇರಿಂಗ್ ಗೊತ್ತಾಗುತ್ತದೆ, ಎಡ-ಬಲ ಹಿಡಿದರೆ ಟೈ ರಾಡ್.

ಎಸಿ ಕಂಡೆನ್ಸರ್ ಬಂಪರಿನ ಹಿಂದೆಯೇ ಇರುವುದರಿಂದ ಹೆದ್ದಾರಿಯ ಕಲ್ಲು ಸೀದಾ ಅದಕ್ಕೇ ಬಡಿಯುತ್ತದೆ. ಗ್ರಿಲ್ ಸಂದಿನಿಂದ ಟಾರ್ಚ್ ಹಾಯಿಸಿ, ಎಣ್ಣೆಯ ಕಲೆ ಇದ್ದ ಕಡೆ ಗ್ಯಾಸ್ ಸೋರುತ್ತಿದೆ ಎಂದರ್ಥ. "ಗ್ಯಾಸ್ ತುಂಬಿಸಿದ್ರ ಸಾಕ್ರಿ" ಎನ್ನುವ ಮಾತನ್ನು ನಂಬಬೇಡಿ. ಸೋರದ ವ್ಯವಸ್ಥೆಯಲ್ಲಿ ಗ್ಯಾಸ್ ಖಾಲಿಯಾಗುವುದಿಲ್ಲ. ಚಿಕ್ಕ ಥರ್ಮಾಮೀಟರ್ ಒಂದನ್ನು ನಡುವಿನ ಗಾಳಿಕಿಂಡಿಯಲ್ಲಿ ಸಿಕ್ಕಿಸಿ ಹತ್ತು ನಿಮಿಷ ಓಡಿಸಿ. 10 ಡಿಗ್ರಿಯ ಆಸುಪಾಸಿಗೆ ಇಳಿಯಬೇಕು.

ನೀರಲ್ಲಿ ಮುಳುಗಿದ ಗಾಡಿಯ ಗುರುತು: ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಕೆಸರಿನ ಗೆರೆ ಕಾಣುತ್ತದೆ. ಮುಂದಿನ ಸೀಟಿನ ಕೆಳಗಿನ ಹಳಿ, ಸ್ಟೆಪ್ನಿ ಗುಂಡಿ ಎರಡೂ ತುಕ್ಕು ಹಿಡಿದಿದ್ದರೆ ಬೆಲೆ ಎಷ್ಟು ಇಳಿಸಿದರೂ ಬೇಡ.

ಹೆಜ್ಜೆ 5: ಓಡಿಸಿ ನೋಡುವ ದಾರಿ

ಶೋರೂಮಿನ ಸುತ್ತ ಒಂದು ರೌಂಡ್ ಹೊಡೆದರೆ ಏನೂ ತಿಳಿಯದು. ವಿದ್ಯಾನಗರದಿಂದ ಉಣಕಲ್, ನವನಗರದ ಮೇಲೆ ಧಾರವಾಡಕ್ಕೆ ಹೋಗಿ. ಸಿಗ್ನಲ್‌ಗಳಲ್ಲಿ ಕ್ಲಚ್ ಮತ್ತು ಐಡಲ್ ಪರೀಕ್ಷೆಯಾಗುತ್ತದೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಏರು ಹತ್ತಿಸಿ. ಎರಡು-ಮೂರನೇ ಗೇರಿನಲ್ಲಿ ಒತ್ತಿದಾಗ ಆರ್‌ಪಿಎಂ ಮುಳ್ಳು ಏರುತ್ತ ವೇಗ ಹಿಂದುಳಿದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಅದೇ ಏರಿನಲ್ಲಿ ಹ್ಯಾಂಡ್ ಬ್ರೇಕ್ ನೋಡಿ. ವಾಪಸ್ ಬರುವಾಗ ಬೈಪಾಸ್ ಹಿಡಿದು ಗಬ್ಬೂರಿನ ಕಡೆ 80ರಲ್ಲಿ ಓಡಿಸಿ. ಹಿಂದೆ ಗಾಡಿ ಇಲ್ಲದಾಗ ಗಟ್ಟಿಯಾಗಿ ಬ್ರೇಕ್ ಒತ್ತಿ. ಸ್ಟೇರಿಂಗ್ ನಡುಗಿದರೆ ಡಿಸ್ಕ್ ಸೊಟ್ಟ, ಒಂದು ಕಡೆ ಎಳೆದರೆ ಕ್ಯಾಲಿಪರ್ ಹಿಡಿದಿದೆ.

ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಎರಡೂ ದಿಕ್ಕಿಗೆ ನಿಧಾನ ಸುತ್ತು ಹಾಕಿ. ಕಟಕಟ ಎಂದರೆ ಡ್ರೈವ್ ಶಾಫ್ಟ್ ಜಾಯಿಂಟ್ ಹೋಗಿದೆ. ಕೊನೆಗೆ ಒಳರಸ್ತೆಯ ತಗ್ಗುಗಳಲ್ಲಿ 20ರ ವೇಗದಲ್ಲಿ, ಕಿಟಕಿ ಇಳಿಸಿ, ರೇಡಿಯೋ ಆರಿಸಿ ಓಡಿಸಿ, ಸಸ್ಪೆನ್ಶನ್ ಸದ್ದು ಕೇಳಿ.

ಸಿಟಿಯ ಸಿವಿಟಿ ಆಟೊಮ್ಯಾಟಿಕ್ ಆದರೆ ನಿಂತಲ್ಲಿಂದ ಬಹಳ ಮೆಲ್ಲಗೆ ಹೊರಡಿ. ಆ ಮೊದಲ ಕೆಲವು ಮೀಟರ್‌ಗಳಲ್ಲಿ ಜರ್ಕು, ನಡುಕ ಬಂದರೆ ಎಣ್ಣೆ ಹಳೆಯದಾಗಿದೆ. ಇದಕ್ಕೆ ಹೋಂಡಾದ ಎಚ್‌ಸಿಎಫ್-2 ಎಣ್ಣೆಯೇ ಬೇಕು, ಸಾಮಾನ್ಯ ಗೇರ್ ಎಣ್ಣೆ ಸುರಿದರೆ ಬೆಲ್ಟ್ ಮತ್ತು ಪುಲ್ಲಿ ಹಾಳು. ಸರಿಸುಮಾರು 40,000 ಕಿ.ಮೀ.ಗೊಮ್ಮೆ ಬದಲಿಸಿದ ಬಿಲ್ ಇದ್ದರೆ ನಿಶ್ಚಿಂತೆ. ಬಿಲ್ ಇಲ್ಲದ, ಲಕ್ಷ ದಾಟಿದ ಸಿವಿಟಿ ಜೂಜಾಟವೇ ಸೈ. ಸಿಯಾಜ್‌ನ ಆಟೊಮ್ಯಾಟಿಕ್ ನಾಲ್ಕೇ ಗೇರಿನ ಹಳೆಯ ಕಾಲದ ಟಾರ್ಕ್ ಕನ್ವರ್ಟರ್. ಹೆದ್ದಾರಿಯಲ್ಲಿ ಗಂಟಲು ಏರಿಸಿ ಕೂಗುತ್ತದೆ, ಆದರೆ ಸುಮ್ಮನೆ ಕೆಡುವ ಜಾತಿಯಲ್ಲ.

ಹೆಜ್ಜೆ 6: ರೂಪಾಯಿ ಹಾಕಿ

"ಒಂದ್ ರೂಪಾಯಿ ಕೆಲಸಾ ಇಲ್ರೀ ಸರ, ಪೆಟ್ರೋಲ್ ಹಾಕೋದು, ಓಡ್ಸೋದು" ಎಂಬ ಮಾತು ಎಲ್ಲ ಗಾಡಿಯ ಜೊತೆಗೂ ಬರುತ್ತದೆ. ನೀವು ಈ ಭಾಗಗಳ ಬೆಲೆ ಕೇಳಿಕೊಂಡು ಬನ್ನಿ, ಎರಡು ಕಡೆ: ಅಧಿಕೃತ ಪಾರ್ಟ್ಸ್ ಕೌಂಟರ್ ಮತ್ತು ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿ. ಕ್ಲಚ್ ಸೆಟ್, ಮುಂದಿನ ಶಾಕ್ ಅಬ್ಸಾರ್ಬರ್ ಜೋಡಿ, ಲೋವರ್ ಆರ್ಮ್, ಬ್ರೇಕ್ ಪ್ಯಾಡ್ ಮತ್ತು ಡಿಸ್ಕ್, ಕಂಡೆನ್ಸರ್, ಹೆಡ್‌ಲೈಟ್, ಮುಂದಿನ ಬಂಪರ್, ಸೈಡ್ ಮಿರರ್. ಸಾಮಾನ್ಯವಾಗಿ ಸಿಟಿಯ ಪಟ್ಟಿಯೇ ಭಾರ. ಮಾರುತಿಗೆ ಪೇಟೆಯಲ್ಲಿ ಒಂದೇ ಭಾಗಕ್ಕೆ ಮೂರು-ನಾಲ್ಕು ಕಂಪನಿಯ ಆಯ್ಕೆ ಸಿಗುತ್ತದೆ, ಹೋಂಡಾಕ್ಕೆ ಕೆಲವು ಭಾಗಗಳನ್ನು ಬೆಂಗಳೂರಿನಿಂದ ತರಿಸಿ ಎರಡು ದಿನ ಕಾಯಬೇಕಾದೀತು.

ಸಿಯಾಜ್ ಮಾರಾಟ 2025ರಲ್ಲಿ ನಿಂತಿತು, ಮುಂದೆ ಭಾಗ ಸಿಗುತ್ತದೆಯೇ ಎಂಬ ಪ್ರಶ್ನೆ ಸಹಜ. ಎಂಜಿನ್ನಿನ ಬಗ್ಗೆ ಚಿಂತೆ ಬೇಡ. ಅದೇ ಕೆ15 ಎರ್ಟಿಗಾ, ಬ್ರೆಜಾ, ಎಕ್ಸ್‌ಎಲ್6ಗಳಲ್ಲಿ ಓಡಿದೆ. ದುರ್ಲಭವಾಗುವುದಿದ್ದರೆ ಅದು ಸಿಯಾಜ್‌ಗೆ ಮಾತ್ರ ಸೇರಿದ ಲೈಟು, ಬಂಪರ್, ಬಾಗಿಲು. ಆದ್ದರಿಂದ ಲೈಟಿನ ಕಿವಿ ಮುರಿದು ಅಂಟು ಹಾಕಿದ ಸಿಯಾಜ್ ಬೇಡ. ಅತ್ತ ಸಿಟಿಯ ಝಡ್‌ಎಕ್ಸ್ ದರ್ಜೆಯ ಎಲ್‌ಇಡಿ ಹೆಡ್‌ಲೈಟಿನ ಬೆಲೆ ಕೇಳಿದವರು ಬೈಕು ಕಂಡರೆ ದಾರಿ ಬಿಡುತ್ತಾರೆ.

ಟೈರ್ ಲೆಕ್ಕ ಬೇರೆಯಾಗಿ ಹಾಕಿ. ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದರೆ 2019ರ 23ನೇ ವಾರ. ಆರು ವರ್ಷ ದಾಟಿದ ಟೈರಿನಲ್ಲಿ ಗೆರೆ ಎಷ್ಟೇ ಇರಲಿ, ರಬ್ಬರ್ ಒಣಗಿದೆ. ಸಿಯಾಜ್‌ಗೆ 185/65 ಆರ್15, ಮೇಲಿನ ದರ್ಜೆಗೆ 195/55 ಆರ್16. ಸಿಟಿಗೆ 175/65 ಆರ್15, ಮೇಲಿನದಕ್ಕೆ 185/55 ಆರ್16. ಹದಿನೈದು ಇಂಚಿನದು ಒಂದಕ್ಕೆ ಐದು-ಆರು ಸಾವಿರದ ಆಸುಪಾಸು ಸಿಕ್ಕರೆ ಹದಿನಾರರದು ಏಳರಿಂದ ಮೇಲೆ. ಗೋಡೆ ಗಿಡ್ಡವಾದ ಹದಿನಾರು ಇಂಚಿನ ಟೈರು ನಮ್ಮ ತಗ್ಗುಗಳಲ್ಲಿ ಬೇಗ ಉಬ್ಬುತ್ತದೆ, ಅಲಾಯ್ ರಿಮ್ಮೂ ಡೊಂಕಾಗುತ್ತದೆ. ಹಳ್ಳಿ ಓಡಾಟ ಹೆಚ್ಚಿದ್ದವರಿಗೆ ನಡುವಿನ ದರ್ಜೆಯೇ ಲೇಸು.

ಲೆಕ್ಕ ಹೀಗೆ ನಡೆಯುತ್ತದೆ. 2017ರ ಸಿಟಿಗೆ 5,90,000 ಕೇಳಿದ್ದಾರೆ, 2018ರ ಕೊನೆಯ ಸಿಯಾಜ್‌ಗೆ 6,10,000 ಎಂದಿಟ್ಟುಕೊಳ್ಳಿ. ಸಿಟಿಗೆ ನಾಲ್ಕು ಟೈರ್ 28,000, ಕ್ಲಚ್ 15,000, ಬುಶ್ ಮತ್ತು ಲಿಂಕ್ ರಾಡ್ 9,000, ಟ್ಯಾಪೆಟ್ ಕೆಲಸ ಹಾಗೂ ಗ್ಯಾಸ್ಕೆಟ್ ಸೇರಿ 4,500. ಒಟ್ಟು 56,500, ಗಾಡಿ ಬಿದ್ದದ್ದು 6,46,500ಕ್ಕೆ. ಸಿಯಾಜ್‌ಗೆ ಬ್ಯಾಟರಿ, ಬ್ರೇಕ್ ಪ್ಯಾಡ್, ಒಂದು ಸರ್ವಿಸ್ ಸೇರಿ 15,000 ಆದರೆ 6,25,000. ಇಪ್ಪತ್ತು ಸಾವಿರ ಅಗ್ಗ ಎಂದು ಕಂಡದ್ದು ಇಪ್ಪತ್ತೊಂದೂವರೆ ಸಾವಿರ ತುಟ್ಟಿ. ಈ ಕಾಗದವನ್ನೇ ಮಾರುವವರ ಮುಂದಿಟ್ಟು ಚೌಕಾಸಿ ಮಾಡಿ. ಬಾಯಿ ಮಾತಿಗಿಂತ ಪಟ್ಟಿಗೆ ಬೆಲೆ ಹೆಚ್ಚು ಇಳಿಯುತ್ತದೆ.

ಹೆಜ್ಜೆ 7: ಸೌಲಭ್ಯ ಮತ್ತು ಸುರಕ್ಷತೆ

ಎರಡರ ಡಿಕ್ಕಿಯೂ 510 ಲೀಟರ್. ಸಿಯಾಜ್‌ನ ಚಕ್ರದಂತರ 2650 ಮಿ.ಮೀ., ನಾಲ್ಕನೇ ಸಿಟಿಯದು 2600. ಹಿಂದಿನ ಸೀಟಿನಲ್ಲಿ ಕಾಲು ಚಾಚುವವರಿಗೆ ಎರಡೂ ಸಾಕು. ತಗ್ಗಿನಲ್ಲಿ ಸಿಯಾಜ್ ಮೆತ್ತಗೆ ಹೋಗುತ್ತದೆ. ಮುಂದಿನ ಗಾಡಿ ಹಿಂದೆ ಹಾಕುವಾಗ 119 ಪಿಎಸ್‌ನ ಸಿಟಿ ಮುಖ ಅರಳಿಸುತ್ತದೆ. ಸನ್‌ರೂಫ್ ಬೇಕೆಂದರೆ ಸಿಟಿಯ ಮೇಲಿನ ದರ್ಜೆಗೇ ಹೋಗಬೇಕು, ಸಿಯಾಜ್‌ನಲ್ಲಿ ಇಲ್ಲ. ಏಪ್ರಿಲ್‌ನ ಗದಗದಲ್ಲಿ ಸನ್‌ರೂಫ್ ಯಾರಿಗೆ ಬೇಕು ಎನ್ನುವುದು ಬೇರೆ ಮಾತು. 2017ರ ನಂತರದ ಸಿಟಿಯ ಟಚ್‌ಸ್ಕ್ರೀನ್ ನಿಧಾನ. ಅದು ಸತ್ತಿದ್ದರೆ ಕಂಪನಿಯದು ಹುಡುಕದೆ ಹೊರಗಿನದು ಕೂರಿಸಿಕೊಳ್ಳಿ.

ಸುರಕ್ಷತೆಯಲ್ಲಿ ಸಿಟಿ ಮುಂದೆ. 2022ರಲ್ಲಿ ಕಾರು ಗುದ್ದಿಸಿ ಪರೀಕ್ಷಿಸುವ ಸಂಸ್ಥೆ ಗ್ಲೋಬಲ್ ಎನ್‌ಕ್ಯಾಪ್ ನಾಲ್ಕನೇ ತಲೆಮಾರಿನ ಸಿಟಿಗೆ ದೊಡ್ಡವರ ರಕ್ಷಣೆಯಲ್ಲಿ ನಾಲ್ಕು ನಕ್ಷತ್ರ ಕೊಟ್ಟಿತು. 2017ರ ನಂತರದ ಝಡ್‌ಎಕ್ಸ್‌ನಲ್ಲಿ ಆರು ಏರ್‌ಬ್ಯಾಗ್ ಇವೆ, ಸಿಯಾಜ್ ಕೊನೆಯ ತನಕ ಎರಡರಲ್ಲೇ ಉಳಿಯಿತು. ಗಾಡಿ ಜಾರದಂತೆ ತಡೆಯುವ ಇಎಸ್‌ಪಿ ಸಿಯಾಜ್‌ನ ಎಲ್ಲ ದರ್ಜೆಗೂ ಬಂದದ್ದು 2023ರ ಫೆಬ್ರವರಿಯಲ್ಲಿ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಹೊತ್ತದೇ ಇದ್ದರೆ ಬಲ್ಬ್ ಕಿತ್ತಿದ್ದಾರೆ, ಅಂದರೆ ಏರ್‌ಬ್ಯಾಗ್ ಸಿಡಿದು ಮತ್ತೆ ಹಾಕಿಸಿಲ್ಲ ಎಂಬ ಅನುಮಾನ.

ಹಾಗಾದರೆ ಯಾರಿಗೆ ಯಾವುದು? ಗದಗ, ಹಾವೇರಿ, ರಾಣೆಬೆನ್ನೂರಿನ ಕಡೆ ಮನೆಯಿದ್ದು ಹಳ್ಳಿ-ತಾಲೂಕು ಓಡಾಟ ಹೆಚ್ಚಿದ್ದವರಿಗೆ 1.5 ಸಿಯಾಜ್ ಮ್ಯಾನುಯಲ್, ಎರಡನೇ ಮಾತಿಲ್ಲ. ಹೋಂಡಾದ ಸರ್ವಿಸ್ ಜಾಲ ಮಾರುತಿಯಷ್ಟು ಹರಡಿಲ್ಲ, ಪ್ರತಿ ಸಣ್ಣ ಕೆಲಸಕ್ಕೂ ಹುಬ್ಬಳ್ಳಿಗೆ ಬರುವ ಪೆಟ್ರೋಲ್ ಖರ್ಚೂ ದುರಸ್ತಿ ಖರ್ಚೇ. ಹುಬ್ಬಳ್ಳಿ-ಧಾರವಾಡದಲ್ಲೇ ಇದ್ದು ಬೆಂಗಳೂರು, ಪುಣೆ ಹೆದ್ದಾರಿ ಹೆಚ್ಚು ಓಡುವವರಿಗೆ 2017ರ ನಂತರದ ಸಿಟಿ. ಆಟೊಮ್ಯಾಟಿಕ್ ಬೇಕಾದರೆ ಎಣ್ಣೆ ಬದಲಿಸಿದ ದಾಖಲೆಯಿರುವ ಸಿವಿಟಿ. ಬಜೆಟ್ ಎರಡು-ಮೂರು ಲಕ್ಷ ಹಿಗ್ಗಿದರೆ ಐದನೇ ಸಿಟಿಯನ್ನೇ ನೋಡಿ.

ಹೆಜ್ಜೆ 8: ಕೊಂಡ ಮೇಲಿನ ಮೊದಲ ತಿಂಗಳು

ಇಸಾರ ಕೊಡುವಾಗ ಗಾಡಿ ನಂಬರ್, ಒಪ್ಪಿದ ಬೆಲೆ, ಹೆಸರು ವರ್ಗಾವಣೆಯ ಖರ್ಚು ಯಾರದು ಎಂದು ಕಾಗದದಲ್ಲಿ ಬರೆಸಿ. ಫಾರ್ಮ್ 29 ಎರಡು ಪ್ರತಿ, ಫಾರ್ಮ್ 30 ಒಂದು, ಮಾರುವವರ ಸಹಿ ಸಮೇತ ಅಂದೇ ಪಡೆಯಿರಿ. ಕೊಂಡವರು 30 ದಿನದೊಳಗೆ ಆರ್‌ಟಿಒಗೆ ಅರ್ಜಿ ಕೊಡಬೇಕು. ವಿಮೆಯ ವರ್ಗಾವಣೆಗೆ 14 ದಿನ ಮಾತ್ರ. ಮಾರುವವರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಆ ವ್ಯತ್ಯಾಸದ ಪ್ರೀಮಿಯಂ ಕಟ್ಟಬೇಕಾಗುತ್ತದೆ. ಹಳೆಯ ಮಾಲೀಕರ ಫಾಸ್ಟ್ಯಾಗ್ ಕಿತ್ತು ಹೊಸದು ಅಂಟಿಸಿ, ಇಲ್ಲವಾದರೆ ನೀವು ದಾಟಿದ ಟೋಲಿನ ಹಣ ಅವರ ಖಾತೆಯಿಂದ ಹೋಗಿ ಫೋನ್ ನಿಮಗೆ ಬರುತ್ತದೆ.

ಹಿಂದಿನವರು ಏನೇ ಹೇಳಿರಲಿ, ಎಣ್ಣೆ, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಎಸಿ ಫಿಲ್ಟರ್ ಬದಲಿಸಿ. ಬ್ರೇಕ್ ಎಣ್ಣೆ ಎರಡು ವರ್ಷ ಹಳೆಯದಾಗಿದ್ದರೆ ಅದನ್ನೂ. ಎರಡೂ ಎಂಜಿನ್ನಿಗೆ ಫಿಲ್ಟರ್ ಸೇರಿ ಮೂರೂವರೆ ಲೀಟರಿನ ಆಸುಪಾಸು ಎಣ್ಣೆ ಸಾಕು. ನಾಲ್ಕು ಲೀಟರಿನ ಡಬ್ಬಿ ತಂದ ಹುಡುಗ ಪೂರ್ತಿ ಸುರಿಯುವುದು ಗ್ಯಾರೇಜುಗಳಲ್ಲಿ ನಿತ್ಯ ಕಾಣುವ ದೃಶ್ಯ. ಹೆಚ್ಚಾದ ಎಣ್ಣೆ ಕ್ರ್ಯಾಂಕಿಗೆ ತಾಗಿ ನೊರೆಯಾಗುತ್ತದೆ, ಸೀಲ್‌ಗಳಿಂದ ಒಸರುತ್ತದೆ. ಮೂರು ಲೀಟರ್ ಹಾಕಿ, ಒಂದು ನಿಮಿಷ ಎಂಜಿನ್ ಓಡಿಸಿ, ಆರಿಸಿ ಐದು ನಿಮಿಷ ಬಿಟ್ಟು, ಡಿಪ್‌ಸ್ಟಿಕ್‌ನ ಮೇಲಿನ ಗುರುತಿನ ತನಕ ಸ್ವಲ್ಪಸ್ವಲ್ಪವೇ ಸೇರಿಸಲು ಹೇಳಿ. ಉಳಿದ ಎಣ್ಣೆ ಡಬ್ಬಿಯಲ್ಲೇ ಮನೆಗೆ ತನ್ನಿ. ಸಾವಿರ ಕಿ.ಮೀ. ಆದ ಮೇಲೆ ಮತ್ತೆ ಡಿಪ್‌ಸ್ಟಿಕ್ ನೋಡಿ, ಎಷ್ಟು ಇಳಿದಿದೆ ಎಂದು ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.